ದೇವರ ಮಾತಿಗೆ ಅರ್ಥ ಉಂಟಾ? ಒಂದು ನೋಟ್‌ಬುಕ್, ಆರು ಹಂತ

ಮಂಗಳೂರಿನಿಂದ ಉಡುಪಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕಿಟಕಿ ಬದಿಯ ಸೀಟು ಸಿಕ್ಕಿದರೆ ಒಂದು ಕೆಲಸ ಮಾಡಿ ನೋಡಿ. ಸುರತ್ಕಲ್, ಮುಲ್ಕಿ, ಪಡುಬಿದ್ರಿ, ಕಾಪು, ಕಟಪಾಡಿ ದಾಟುವುದರೊಳಗೆ ದೇವರ ಕುರಿತ ಮಾತು ಎಷ್ಟು ಕಣ್ಣಿಗೆ, ಕಿವಿಗೆ ಬೀಳುತ್ತದೆ ಎಂದು ಎಣಿಸಿ. ನಾನು ಒಮ್ಮೆ ಎಣಿಸಿದಾಗ 11 ಆಯಿತು. ಮುಂದಿನ ಕಾರಿನ ಹಿಂಗಾಜಿನಲ್ಲಿ ‘ಸ್ವಾಮಿ ಕೊರಗಜ್ಜನ ಆಶೀರ್ವಾದ’. ಹಿಂದಿನ ಸೀಟಿನಲ್ಲಿ ಫೋನಿನಲ್ಲಿ ಯಾರೋ ‘ದೇವರು ಕೈಬಿಡುವುದಿಲ್ಲ ಮಾರಾಯ, ನೀನು ಹೆದರಬೇಡ’. ಪಕ್ಕದಲ್ಲಿದ್ದ ಹಿರಿಯರು ಯಾರನ್ನೂ ಉದ್ದೇಶಿಸದೆ ‘ಕೃಷ್ಣಾರ್ಪಣ’. ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಯಾಕೆ ಎಂದರೆ, ಅದರ ಹಿಂದಿನ ವಾರ ನನ್ನ ತಂಗಿಯ ಮಗ ಮನೆಯಲ್ಲಿ ಒಂದು ಸಣ್ಣ ಸ್ಫೋಟ ಮಾಡಿದ್ದ. ಎಂಜಿನಿಯರಿಂಗ್ ಓದುವ ಹುಡುಗ, ಎಲ್ಲಿಂದಲೋ ಇಂಗ್ಲಿಷ್ ತತ್ತ್ವಜ್ಞಾನಿ ಎ. ಜೆ. ಏಯರ್‌ನ ‘ಲ್ಯಾಂಗ್ವೇಜ್, ಟ್ರೂತ್ ಅಂಡ್ ಲಾಜಿಕ್’ ಪುಸ್ತಕ ತಂದು ಎರಡು ರಾತ್ರಿಯಲ್ಲಿ ಓದಿ ಮುಗಿಸಿದ್ದ. ಮೂರನೆಯ ದಿನ ಬೆಳಿಗ್ಗೆ ಅಡುಗೆಮನೆಗೆ ಬಂದು, ‘ಅಜ್ಜಿ, ದೇವರ ಬಗ್ಗೆ ನೀನು ಹೇಳುವುದು ಸುಳ್ಳು ಅಂತ ನಾನು ಹೇಳುವುದಿಲ್ಲ. ಅದಕ್ಕೆ ಅರ್ಥವೇ ಇಲ್ಲ’ ಎಂದ. ಅಜ್ಜಿ ಕಾಯಿ ತುರಿಯುವ ಕೈ ನಿಲ್ಲಿಸಲಿಲ್ಲ. ‘ಸುಳ್ಳಲ್ಲವಲ್ಲ, ಅಷ್ಟು ಸಾಕು’ ಎಂದರು.

ಆ ಹುಡುಗನಿಗಾಗಿ, ಮತ್ತು 20ರ ಹರೆಯದಲ್ಲಿ ಆ ಪುಸ್ತಕ ಕೈಗೆ ಸಿಕ್ಕ ಎಲ್ಲರಿಗಾಗಿ, ಈ ವಿಧಾನ ಬರೆಯುತ್ತಿದ್ದೇನೆ. ದೇವರ ಕುರಿತ ಒಂದು ವಾಕ್ಯವನ್ನು ಕೈಗೆತ್ತಿಕೊಂಡು ಅದಕ್ಕೆ ಅರ್ಥ ಉಂಟೋ ಇಲ್ಲವೋ ಎಂದು ಹೇಗೆ ನೋಡುವುದು, ನೋಡುವ ಉಪಕರಣ ಎಲ್ಲಿ ಮೊಂಡಾಗುತ್ತದೆ, ಎರಡೂ ಇದರಲ್ಲಿವೆ.

ವಿಯೆನ್ನಾದ ಗುರುವಾರಗಳು

1920ರ ದಶಕದಲ್ಲಿ ವಿಯೆನ್ನಾದಲ್ಲಿ ಮೊರಿಟ್ಸ್ ಶ್ಲಿಕ್ ಎಂಬ ಪ್ರಾಧ್ಯಾಪಕನ ಸುತ್ತ ಒಂದು ಬಳಗ ಗುರುವಾರ ಸಂಜೆ ಸೇರುತ್ತಿತ್ತು. ಗಣಿತಜ್ಞ ಹಾನ್ಸ್ ಹಾನ್, ಸಮಾಜವಿಜ್ಞಾನಿ ಓಟೋ ನಾಯ್ರಾತ್, 1926ರಲ್ಲಿ ಬಂದು ಸೇರಿದ ರುಡಾಲ್ಫ್ ಕಾರ್ನಾಪ್ ಅದರ ಪ್ರಮುಖರು. ಇವರ ನಿಲುವಿಗೆ ಲಾಜಿಕಲ್ ಪಾಸಿಟಿವಿಸಂ ಎಂಬ ಹೆಸರು ಬಿತ್ತು. ಕನ್ನಡದಲ್ಲಿ ತಾರ್ಕಿಕ ಪ್ರತ್ಯಕ್ಷವಾದ ಎನ್ನಬಹುದು. ಸೂತ್ರ ಬಹಳ ಸರಳ. ಒಂದು ವಾಕ್ಯ ಲೋಕದ ಬಗ್ಗೆ ಏನಾದರೂ ಹೇಳುತ್ತಿದೆ ಎಂದಾದರೆ ಅದನ್ನು ಅನುಭವದೊಂದಿಗೆ ತಾಳೆ ನೋಡಲು ದಾರಿಯಿರಬೇಕು. ಇಲ್ಲವೇ ‘ಎರಡಕ್ಕೆ ಎರಡು ಕೂಡಿದರೆ ನಾಲ್ಕು’ ಎಂಬಂತೆ ಶಬ್ದಗಳ ಅರ್ಥದಿಂದಲೇ ಸತ್ಯವಾಗಬೇಕು. ಎರಡೂ ಅಲ್ಲದಿದ್ದರೆ ಅದು ಬರೀ ಸದ್ದು.

ಆಕ್ಸ್‌ಫರ್ಡಿನ ಏಯರ್ 1932ರ ಕೊನೆಗೆ ವಿಯೆನ್ನಾಕ್ಕೆ ಹೋಗಿ ಇವರ ಮಾತು ಕೇಳಿ ಬಂದ. 1936ರಲ್ಲಿ, 25ರ ಹರೆಯದಲ್ಲಿ, ಇದನ್ನೆಲ್ಲ ಇಂಗ್ಲಿಷಿನಲ್ಲಿ ಕತ್ತಿಯ ಅಲುಗಿನಂತೆ ಹರಿತವಾಗಿ ಬರೆದ. ಅದೇ ವರ್ಷ ಜೂನ್ 22ರಂದು ಶ್ಲಿಕ್‌ನನ್ನು ಹಳೆಯ ವಿದ್ಯಾರ್ಥಿಯೊಬ್ಬ ವಿಶ್ವವಿದ್ಯಾಲಯದ ಮೆಟ್ಟಿಲ ಮೇಲೆ ಗುಂಡಿಕ್ಕಿ ಕೊಂದ. ಬಳಗ ಚದುರಿತು. ಸೂತ್ರ ಮಾತ್ರ ಊರೂರು ತಿರುಗಿ ನಮ್ಮ ಅಡುಗೆಮನೆಗೂ ಬಂತು.

ಶುರುಮಾಡುವ ಮುಂಚೆ: ಸುಳ್ಳು ಬೇರೆ, ಅರ್ಥಹೀನ ಬೇರೆ

ಇದು ಕೈಗೆ ಹತ್ತದಿದ್ದರೆ ಮುಂದಿನದೆಲ್ಲ ವ್ಯರ್ಥ. ‘ಮಲ್ಪೆಯಲ್ಲಿ ಹಿಮ ಬಿದ್ದಿದೆ’ ಎಂಬುದು ಸುಳ್ಳು, ಆದರೆ ಅರ್ಥವಿರುವ ಮಾತು. ಹಿಮ ಬಿದ್ದರೆ ಹೇಗಿರುತ್ತದೆ ಎಂದು ಗೊತ್ತಿರುವುದರಿಂದಲೇ ಅದನ್ನು ಸುಳ್ಳು ಎನ್ನುತ್ತೇವೆ.

ಅರ್ಥವಿಲ್ಲದ ವಾಕ್ಯ ಹೇಗೆ ಹುಟ್ಟುತ್ತದೆ? 1932ರ ಒಂದು ಲೇಖನದಲ್ಲಿ ಕಾರ್ನಾಪ್ ಎರಡು ಉದಾಹರಣೆ ಕೊಟ್ಟ: ‘ಸೀಸರ್ ಮತ್ತು’ ಎಂಬುದು ಒಂದು, ‘ಸೀಸರ್ ಒಂದು ಅವಿಭಾಜ್ಯ ಸಂಖ್ಯೆ’ ಎಂಬುದು ಇನ್ನೊಂದು. ಮೊದಲನೆಯದಕ್ಕೆ ವ್ಯಾಕರಣವೇ ಇಲ್ಲ. ಎರಡನೆಯದಕ್ಕೆ ವ್ಯಾಕರಣ ಉಂಟು, ಆದರೆ ಪದಗಳು ಒಂದಕ್ಕೊಂದು ಕೂಡುವುದಿಲ್ಲ.

ಸಂಸ್ಕೃತ ಪಾಠಶಾಲೆಯಲ್ಲಿ ತರ್ಕದ ಮೊದಲ ಪಾಠ ಓದಿದವರು ಇಲ್ಲಿ ನಗುತ್ತಾರೆ. ಅನ್ನಂಭಟ್ಟನ ತರ್ಕಸಂಗ್ರಹದಲ್ಲಿ ವಾಕ್ಯಾರ್ಥಕ್ಕೆ ಬೇಕಾದದ್ದು ಮೂರು: ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ. ‘ಹಸು ಕುದುರೆ ಮನುಷ್ಯ ಆನೆ’ ಎಂದು ಪದ ಜೋಡಿಸಿಟ್ಟರೆ ಆಕಾಂಕ್ಷೆ ಇಲ್ಲ, ಒಂದು ಪದ ಇನ್ನೊಂದನ್ನು ಬೇಡುವುದಿಲ್ಲ. ‘ಬೆಂಕಿಯಿಂದ ನೀರು ಹಾಯಿಸು’ ಎಂದರೆ ಯೋಗ್ಯತೆ ಇಲ್ಲ, ಪದಗಳ ಅರ್ಥ ಒಂದಕ್ಕೊಂದು ಹೊಂದುವುದಿಲ್ಲ. ಕಾರ್ನಾಪನ ಎರಡು ದೋಷ ಹೆಚ್ಚುಕಡಿಮೆ ಇವೇ. ಮೂರನೆಯದಾದ ಸನ್ನಿಧಿ, ಅಂದರೆ ಪದಗಳನ್ನು ಒಂದರ ಬೆನ್ನಿಗೆ ಒಂದು ಆಡುವುದು, ನಮ್ಮ ಊರಿನ ವಾಟ್ಸಾಪ್ ವಾಯ್ಸ್ ಮೆಸೇಜುಗಳಿಗೆ ಬಹಳ ಅಗತ್ಯ. ಇರಲಿ.

ಕಾರ್ನಾಪ್ ಇನ್ನೊಂದು ಗೋಜಲನ್ನೂ ತೋರಿಸಿದ: ಯುರೋಪಿನ ಭಾಷೆಗಳಲ್ಲಿ ‘ಅವನು ಮೇಷ್ಟ್ರು’ ಎಂಬುದಕ್ಕೂ ‘ಅವನು ಇದ್ದಾನೆ’ ಎಂಬುದಕ್ಕೂ ಒಂದೇ ಕ್ರಿಯಾಪದ, ಅದರಿಂದ ತತ್ತ್ವಜ್ಞಾನಿಗಳು ದಾರಿ ತಪ್ಪಿದರು ಎಂದು. ಕನ್ನಡಕ್ಕೆ ಆ ರೋಗವಿಲ್ಲ. ‘ಅವನು ಮೇಷ್ಟ್ರು’ ಎನ್ನಲು ನಮಗೆ ಕ್ರಿಯಾಪದವೇ ಬೇಡ. ಕರಾವಳಿಯವರಿಗೆ ಬೇರೊಂದು ತೊಡಕಿದೆ. ‘ಲಾಸ್ಟ್ ಬಸ್ಸು ಉಂಟು’, ‘ಮನೆಯಲ್ಲಿ ಸಕ್ಕರೆ ಉಂಟು’, ‘ನನಗೆ ತಲೆನೋವು ಉಂಟು’, ‘ದೇವರು ಉಂಟು’. ನಾಲ್ಕಕ್ಕೂ ಒಂದೇ ‘ಉಂಟು’. ಬಸ್ಸು ಉಂಟೋ ಎಂದು ಸ್ಟ್ಯಾಂಡಿಗೆ ಹೋಗಿ ನೋಡಬಹುದು. ನನ್ನ ತಲೆನೋವನ್ನು ನೀವು ಹಾಗೆ ಹೋಗಿ ನೋಡಲಾರಿರಿ. ನಾಲ್ಕನೆಯದು ಯಾವ ಜಾತಿಯ ‘ಉಂಟು’?

ಹಂತ 1: ಆಡಿದ ಮಾತನ್ನು ಆಡಿದಂತೆ ಬರೆಯಿರಿ

ವಾಕ್ಯವನ್ನು ಚಂದ ಮಾಡಬೇಡಿ. ಯಾರು, ಯಾರಿಗೆ, ಯಾವಾಗ ಹೇಳಿದರು ಎಂಬುದನ್ನೂ ಬರೆಯಿರಿ. ‘ದೇವರು ದೊಡ್ಡವನು’ ಎಂಬುದನ್ನು ಅಪಘಾತ ತಪ್ಪಿದ ರಿಕ್ಷಾದವರು ಹೇಳಿದ್ದೋ, ಉಪನ್ಯಾಸಕರು ವೇದಿಕೆಯಲ್ಲಿ ಹೇಳಿದ್ದೋ ಎಂಬುದರ ಮೇಲೆ ಮುಂದಿನ ಹಂತವೆಲ್ಲ ನಿಂತಿದೆ. ಏಯರ್‌ನ ಪುಸ್ತಕದ ದೊಡ್ಡ ಕೊರತೆ ನನಗೆ ಕಂಡದ್ದು ಇದು: ಅದರಲ್ಲಿ ವಾಕ್ಯಗಳಿವೆ, ಆಡುವವರಿಲ್ಲ.

ಹಂತ 2: ಅದು ಹೇಳಿಕೆ ಹೌದೋ ನೋಡಿ

ತಾಳೆ ನೋಡುವ ಸೂತ್ರ ಅನ್ವಯಿಸುವುದು ‘ಹೀಗಿದೆ’ ಎನ್ನುವ ಮಾತಿಗೆ. ಬೇಡಿಕೆ, ಹರಕೆ, ಅಪ್ಪಣೆ, ಮಾತುಕೊಡುವುದು, ಉದ್ಗಾರ ಇವು ಸತ್ಯವೂ ಅಲ್ಲ, ಸುಳ್ಳೂ ಅಲ್ಲ. ಹಾಗೆಂದು ಅರ್ಥಹೀನವೂ ಅಲ್ಲ. ‘ಬಾಗಿಲು ಹಾಕು’ ಎಂಬ ಮಾತು ಸತ್ಯವೋ ಸುಳ್ಳೋ ಎಂದು ಯಾರೂ ಕೇಳುವುದಿಲ್ಲ.

‘ಕೃಷ್ಣಾರ್ಪಣಮಸ್ತು’ ಎನ್ನುವವರು ಏನನ್ನೂ ವರ್ಣಿಸುತ್ತಿಲ್ಲ, ಏನನ್ನೋ ಒಪ್ಪಿಸುತ್ತಿದ್ದಾರೆ. ತುಳುನಾಡಿನ ದೈವಾರಾಧನೆಯಾದ ಕೋಲದಲ್ಲಿ ದರ್ಶನ ಬಂದ ದೈವ ಕುಟುಂಬದವರ ಕಡೆ ತಿರುಗಿ ಕಾಪಾಡುತ್ತೇನೆ ಎಂದು ಅಭಯ ಕೊಟ್ಟರೆ ಅದು ಮಾತು ಕೊಡುವುದು. ನುಡಿಯ ಆ ಭಾಗವನ್ನು ಹವಾಮಾನ ವರದಿಯಂತೆ ಓದುವವನು ನುಡಿ ಕೇಳಿಸಿಕೊಂಡಿಲ್ಲ. ವೇದವಾಕ್ಯಗಳನ್ನೇ ವಿಧಿ ಯಾವುದು, ಅರ್ಥವಾದ ಯಾವುದು ಎಂದು ವೇದದ ಅರ್ಥವನ್ನು ವಿಚಾರಿಸುವ ಮೀಮಾಂಸಕರು ವಿಂಗಡಿಸಿದ್ದು ಈ ಎಚ್ಚರದಿಂದಲೇ: ಮಾಡು ಎನ್ನುವುದು ವಿಧಿ, ಅದನ್ನು ಮಾಡಲು ಹುರಿದುಂಬಿಸುವ ಹೊಗಳಿಕೆ ಅರ್ಥವಾದ. ಕೇಂಬ್ರಿಜ್‌ನ ತತ್ತ್ವಜ್ಞಾನಿ ಬ್ರೇತ್‌ವೇಟ್ 1955ರಲ್ಲಿ ಇದೇ ದಿಕ್ಕಿನಲ್ಲಿ ಹೋಗಿ, ಧರ್ಮದ ಹೇಳಿಕೆಗಳು ಮೂಲತಃ ಹೀಗೆ ಬದುಕುತ್ತೇನೆ ಎಂಬ ಸಂಕಲ್ಪಗಳು, ಕಥೆಗಳು ಅದಕ್ಕೆ ಬೆಂಬಲ ಎಂದ. ಎಲ್ಲ ಹೇಳಿಕೆಗೂ ಇದನ್ನು ಹಚ್ಚಿದರೆ ಅತಿಯಾಯಿತು. ನಮ್ಮ ಅಜ್ಜಿಯ ಹತ್ತಿರ ‘ನೀನು ದೇವರಿದ್ದಾನೆ ಎನ್ನುವುದು ನಿನ್ನ ಸಂಕಲ್ಪ ಮಾತ್ರ’ ಎಂದರೆ ತುರಿಮಣೆ ಎತ್ತಿಕೊಂಡಾರು.

ಈ ಹಂತದಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಅಪ್ಪ ಆಸ್ಪತ್ರೆಯಲ್ಲಿದ್ದ ರಾತ್ರಿ ಅಮ್ಮ ‘ದೇವರು ಕೈಬಿಡುವುದಿಲ್ಲ’ ಎಂದರು. ಆಗಷ್ಟೇ ಇದೆಲ್ಲ ಓದಿದ್ದ ನಾನು, ‘ಹಾಗಂದರೆ ಎಂತ ಅಮ್ಮ? ಕೈಬಿಟ್ಟರೆ ಹೇಗಿರುತ್ತದೆ, ಬಿಡದಿದ್ದರೆ ಹೇಗಿರುತ್ತದೆ?’ ಎಂದೆ. ಅಮ್ಮ ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ‘ನಾನು ದೇವರ ಸುದ್ದಿ ಹೇಳಿದ್ದಲ್ಲ, ನಿನಗೆ ಹೇಳಿದ್ದು. ಕೆಳಗೆ ಹೋಗಿ ಏನಾದರೂ ತಿಂದು ಬಾ’ ಎಂದರು.

ನನ್ನ 11ರಲ್ಲಿ 6 ವಾಕ್ಯಗಳು ಇಲ್ಲೇ ಹೊರಬಿದ್ದವು.

ಹಂತ 3: ಶಬ್ದದಿಂದಲೇ ಸತ್ಯವೋ?

‘ಸರ್ವಜ್ಞನಿಗೆ ತಿಳಿಯದ್ದು ಇಲ್ಲ.’ ಸರ್ವಜ್ಞ ಎಂದರೇ ಎಲ್ಲ ತಿಳಿದವನು. ಸತ್ಯ ಹೌದು, ಆದರೆ ಅಂಥವನು ಇದ್ದಾನೋ ಇಲ್ಲವೋ ಎಂದು ಇದು ಹೇಳುವುದಿಲ್ಲ. ಒಂದು ವಾಕ್ಯ ಇಲ್ಲಿ ಹೋಯಿತು. ಮುಂದೆ ಹೋಗೋಣ.

ಹಂತ 4: ಏನನ್ನು ನೋಡಿದರೆ ಹೌದು ಎನ್ನುತ್ತೀರಿ?

ಈಗ ಉಳಿದ ಪ್ರತಿ ವಾಕ್ಯದ ಎದುರು ಬರೆಯಿರಿ: ಇದು ಸತ್ಯವಾದರೆ ಯಾರಿಗೆ, ಎಲ್ಲಿ, ಏನು ಕಾಣಿಸಬೇಕು?

‘ಉಡುಪಿ ಕೃಷ್ಣ ಪಶ್ಚಿಮಕ್ಕೆ ಮುಖಮಾಡಿದ್ದಾನೆ.’ ಫೋನಿನ ದಿಕ್ಸೂಚಿ ಸಾಕು. ಏಯರ್‌ಗೂ ತಕರಾರಿಲ್ಲ.

‘ಕನಕನಿಗಾಗಿ ಕೃಷ್ಣ ತಿರುಗಿ ನಿಂತ.’ ಇದು 16ನೆಯ ಶತಮಾನದ ಘಟನೆಯ ಬಗ್ಗೆ. ಇವತ್ತು ನೋಡಲಾಗದು, ಆದ್ದರಿಂದ ಅರ್ಥಹೀನ ಎನ್ನಬಹುದೇ? ಇಲ್ಲ. ತಾಳೆ ನೋಡುವುದು ತಾತ್ತ್ವಿಕವಾಗಿ ಸಾಧ್ಯವಿದ್ದರೆ ಸಾಕು ಎಂದು ಏಯರ್ ಒಪ್ಪುತ್ತಾನೆ. ಇದಕ್ಕೆ ಅವನು ಶ್ಲಿಕ್‌ನ ಉದಾಹರಣೆ ತಂದ: ಚಂದ್ರನ ಆಚೆ ಬದಿಯಲ್ಲಿ ಬೆಟ್ಟಗಳಿವೆ. 1936ರಲ್ಲಿ ಅದನ್ನು ನೋಡುವ ಸಾಧನವಿರಲಿಲ್ಲ, ಆದರೆ ಹೋಗಿ ನೋಡಿದರೆ ಏನು ಕಾಣಬೇಕೆಂದು ಗೊತ್ತಿತ್ತು. 1959ರಲ್ಲಿ ಸೋವಿಯತ್ ನೌಕೆ ಲೂನಾ 3 ಫೋಟೊ ತೆಗೆದೇ ಬಿಟ್ಟಿತು. ಹಾಗೆಯೇ ಅಂದು ಗೋಡೆಯ ಪಕ್ಕ ನಿಂತವನಿಗೆ ಏನು ಕಾಣಬೇಕಿತ್ತು ಎಂದು ನಮಗೆ ಗೊತ್ತು. ಮೂರ್ತಿ ಮೊದಲಿನಿಂದಲೂ ಪಶ್ಚಿಮಾಭಿಮುಖವೇ ಎನ್ನುವವರು ಇದನ್ನು ಅಲ್ಲಗಳೆಯುತ್ತಾರೆ; ಅಲ್ಲಗಳೆಯಲು ಬರುತ್ತದೆ ಎಂದರೆ ಅರ್ಥ ಉಂಟು ಎಂದೇ ಆಯಿತು.

ನಮ್ಮ ತುಳುನಾಡಿನ ದೈವಗಳ ವಿಷಯದಲ್ಲಿ ಈ ಹಂತ ಇನ್ನೂ ಸ್ವಾರಸ್ಯ. ಕಾರ್ನಾಪ್ ‘ದೇವರು’ ಎಂಬ ಪದದ ಬಳಕೆಯನ್ನು ಮೂರು ಮಾಡುತ್ತಾನೆ. ಪುರಾಣದ ಬಳಕೆಯಲ್ಲಿ ದೇವರಿಗೆ ಇರುವ ಜಾಗ, ಮಾಡುವ ಕೆಲಸ ಎಲ್ಲ ಗೊತ್ತು, ಹಾಗಾಗಿ ಅರ್ಥ ಸ್ಪಷ್ಟ. ಎಲ್ಲ ಅನುಭವದ ಆಚೆಗಿನದು ಎನ್ನುವ ತತ್ತ್ವಜ್ಞಾನದ ಬಳಕೆಯಲ್ಲಿ ಅರ್ಥ ಸೋರಿಹೋಗಿದೆ. ಮತಶಾಸ್ತ್ರದ ಬಳಕೆ ಈ ಎರಡರ ನಡುವೆ ತೂಗಾಡುತ್ತದೆ. ದೈವಕ್ಕೆ ಸ್ಥಾನವಿದೆ, ಸರಹದ್ದು ಇದೆ, ಅದರ ಕಥೆ ಹಾಡುವ ಪಾಡ್ದನದಲ್ಲಿ ಹುಟ್ಟು, ಪ್ರಯಾಣ ಇವೆ, ಏನು ಬಡಿಸಬೇಕೆಂಬ ಕಟ್ಟಳೆ ಇದೆ. ಕಳೆದುಹೋದ ಬಂಗಾರ ಸಿಗಲಿ ಎಂದು ಕೊರಗಜ್ಜನಿಗೆ ಹೇಳಿಕೊಂಡವರು ಬಂಗಾರ ಸಿಕ್ಕಿತೋ ಇಲ್ಲವೋ ಎಂದು ನೋಡುತ್ತಾರೆ. ಅಂದರೆ, ವಿದ್ವಾಂಸರು ‘ಜನಪದ ನಂಬಿಕೆ’ ಎಂದು ಕೆಳಗಿನ ಮೆಟ್ಟಿಲಲ್ಲಿ ಇಡುವ ಮಾತುಗಳೇ ವಿಯೆನ್ನಾದ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತವೆ. ಸತ್ಯವೋ ಅಲ್ಲವೋ ಅದು ಬೇರೆ ಲೆಕ್ಕ. ಫೇಲಾಗುವ ಭಯ ಇರುವುದು ಮೇಲಿನ ಮೆಟ್ಟಿಲಿನವರಿಗೆ.

ಒಂದು ಎಚ್ಚರಿಕೆ. ‘ಗುಡುಗಿದರೆ ಸಾಕು, ದೇವರಿಗೆ ಸಿಟ್ಟು ಬಂದಿದೆ ಎಂದಾಯಿತು’ ಎಂದು ಯಾರಾದರೂ ಹೇಳಿದರೆ, ಅವರ ಬಾಯಲ್ಲಿ ‘ದೇವರಿಗೆ ಸಿಟ್ಟು’ ಎಂದರೆ ‘ಗುಡುಗುತ್ತಿದೆ’ ಎಂದಷ್ಟೇ ಅರ್ಥ ಎನ್ನುತ್ತಾನೆ ಏಯರ್. ಆಗ ಅರ್ಥ ಉಳಿಯುತ್ತದೆ, ದೇವರು ಉಳಿಯುವುದಿಲ್ಲ. ಗುಡುಗಿಗಿಂತ ಹೆಚ್ಚಿನದೇನನ್ನೋ ಹೇಳುತ್ತಿದ್ದೇನೆ ಎಂದರೆ ಆ ‘ಹೆಚ್ಚಿನದು’ ಯಾವುದು ಎಂದು ಕೇಳಿ.

ಹಂತ 5: ಏನಾದರೆ ಮಾತು ಹಿಂತೆಗೆದುಕೊಳ್ಳುತ್ತೀರಿ?

ಈ ಪ್ರಶ್ನೆ ಏಯರ್‌ನದಲ್ಲ, 1950ರಲ್ಲಿ ಇಂಗ್ಲಿಷ್ ತತ್ತ್ವಜ್ಞಾನಿ ಆಂಟನಿ ಫ್ಲ್ಯೂ ಕೇಳಿದ್ದು. ನನ್ನ ಮಟ್ಟಿಗೆ ಇಡೀ ವಿಧಾನದಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಇದೇ. ಜಾನ್ ವಿಸ್ಡಂ 1944ರಲ್ಲಿ ಹೇಳಿದ್ದ ಕಥೆಯನ್ನು ಫ್ಲ್ಯೂ ಬೆಳೆಸಿದ: ಕಾಡಿನ ನಡುವೆ ಒಂದು ತೋಟದಂಥ ಜಾಗ, ಮಾಲಿ ಇದ್ದಾನೆ ಎಂದು ಒಬ್ಬ, ಇಲ್ಲ ಎಂದು ಇನ್ನೊಬ್ಬ. ಕಾವಲು ಕೂತರು, ಬೇಲಿಗೆ ಕರೆಂಟು ಕೊಟ್ಟರು, ನಾಯಿ ಬಿಟ್ಟರು. ಯಾರೂ ಸಿಗಲಿಲ್ಲ. ಆದರೆ ಮೊದಲನೆಯವನ ಮಾಲಿ ಕಣ್ಣಿಗೆ ಕಾಣದವನಾದ, ಕೈಗೆ ಸಿಗದವನಾದ, ನಾಯಿಗೆ ವಾಸನೆ ಬಡಿಯದವನಾದ. ಕೊನೆಗೆ ಇಂಥ ಮಾಲಿಗೂ ಇಲ್ಲದ ಮಾಲಿಗೂ ಏನು ವ್ಯತ್ಯಾಸ?

ನನ್ನ ನೋಟ್‌ಬುಕ್ಕಿನ ಹತ್ತನೆಯ ವಾಕ್ಯ ತೆಗೆದುಕೊಳ್ಳಿ: ‘ಸಿಯಾಳ ಅಭಿಷೇಕ ಮಾಡಿದರೆ ಮಳೆ ಬಂದೇ ಬರುತ್ತದೆ.’ ಜೂನ್ ನಡುವಿಗೂ ಮಳೆ ಸರಿಯಾಗಿ ಹಿಡಿಯದ ವರ್ಷ ಬಸ್ಸಿನಲ್ಲಿ ಕೇಳಿದ್ದು. ಅರ್ಥ ಉಂಟೋ? ಧಾರಾಳ. ಮೂರು ದಿನದೊಳಗೆ ಎಂದರೆ ಇನ್ನೂ ಗಟ್ಟಿ. ಮೂರು ದಿನ ಕಳೆದರೂ ಬಾರದಿದ್ದಾಗ ‘ಶ್ರದ್ಧೆ ಸಾಲದು’ ಎಂದರೆ ಒಂದು ಹೆಜ್ಜೆ ಹಿಂದೆ. ‘ಘಟ್ಟದ ಮೇಲೆ ಬಂದಿದೆಯಲ್ಲ’ ಎಂದರೆ ಇನ್ನೊಂದು. ‘ಬಾರದಿದ್ದದ್ದೂ ನಮ್ಮ ಒಳ್ಳೆಯದಕ್ಕೇ’ ಎಂದಾಗ ವಾಕ್ಯ ಗೋಡೆಗೆ ತಾಗಿತು. ಇನ್ನು ಯಾವ ಆಕಾಶವೂ ಅದನ್ನು ಸುಳ್ಳು ಮಾಡಲಾರದು. (ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಸುರಿಯುವ ಊರಲ್ಲಿ ಜೂನ್ ತಿಂಗಳ ಮಳೆಯನ್ನು ಯಾವ ಅಭಿಷೇಕದ ಖಾತೆಗೆ ಜಮಾ ಮಾಡುವುದು ಎಂಬುದು ಬೇರೆಯೇ ತಕರಾರು.) ಗಮನಿಸಬೇಕಾದ್ದು: ಮೊದಲ ವಾಕ್ಯ ಅರ್ಥಹೀನವಾಗಿರಲಿಲ್ಲ. ಒಂದೊಂದು ಸಮಜಾಯಿಷಿಗೂ ಅದು ಅರ್ಥ ಕಳೆದುಕೊಂಡಿತು. ಸಾವಿರ ತಿದ್ದುಪಡಿಯಿಂದ ಸಾಯುವುದು ಎಂದು ಫ್ಲ್ಯೂ ಹೇಳಿದ್ದು ಇದನ್ನೇ.

ಇದಕ್ಕೆ ಬಂದ ಉತ್ತರಗಳಲ್ಲಿ ಬೇಸಿಲ್ ಮಿಚೆಲ್‌ನದು ನನಗೆ ಹಿಡಿಸಿದ್ದು. ಶತ್ರುವಿನ ವಶದಲ್ಲಿರುವ ದೇಶದಲ್ಲಿ ಗುಪ್ತವಾಗಿ ಹೋರಾಡುವವನೊಬ್ಬ ಒಂದು ರಾತ್ರಿ ಒಬ್ಬ ಅಪರಿಚಿತನನ್ನು ಕಾಣುತ್ತಾನೆ. ಅವನು ನಮ್ಮ ಪಕ್ಷದವನೇ ಎಂದು ಪೂರ್ತಿ ನಂಬುತ್ತಾನೆ. ಮುಂದೆ ಅಪರಿಚಿತ ಒಮ್ಮೆ ನೆರವಾಗುತ್ತಾನೆ, ಇನ್ನೊಮ್ಮೆ ಶತ್ರುವಿನ ಸಮವಸ್ತ್ರದಲ್ಲಿ ಕಾಣಿಸುತ್ತಾನೆ. ನಂಬಿದವನು ಮಾತು ಹಿಂತೆಗೆಯುವುದಿಲ್ಲ, ಆದರೆ ಇದು ತನ್ನ ನಂಬಿಕೆಗೆ ವಿರುದ್ಧದ ಸಾಕ್ಷಿ ಎಂದು ಒಪ್ಪುತ್ತಾನೆ, ನೋಯುತ್ತಾನೆ. ಸಾಕ್ಷಿಯನ್ನೇ ಲೆಕ್ಕಿಸದಿರುವುದಕ್ಕೂ ಲೆಕ್ಕಿಸಿ ಹೊರುವುದಕ್ಕೂ ಇರುವ ಅಂತರ ಬೆಟ್ಟದಷ್ಟು. ಹಾಗಾಗಿ ಪ್ರಶ್ನೆ ಕೇಳುವಾಗ ‘ಹಿಂತೆಗೆಯುತ್ತೀರಾ’ ಎಂಬುದರ ಜತೆ ‘ಯಾವುದು ನಿಮಗೆ ಭಾರವಾಗುತ್ತದೆ’ ಎಂದೂ ಕೇಳಿ. ಒಬ್ಬರಿಗೆ ಒಮ್ಮೆ ಮಾತ್ರ ಕೇಳಿ. ಆಸ್ಪತ್ರೆಯಲ್ಲಿ ಕೇಳಬೇಡಿ.

ಹಂತ 6: ಉಳಿದದ್ದನ್ನು ಊರಿನ ತಕ್ಕಡಿಯಲ್ಲೂ ತೂಗಿ

ಕೊನೆಗೆ ನನ್ನ ಹತ್ತಿರ ಉಳಿದದ್ದು ಒಂದೇ ವಾಕ್ಯ: ‘ಪರಬ್ರಹ್ಮ ನಿರ್ಗುಣ, ಯಾವ ಮಾತಿಗೂ ನಿಲುಕದು.’ ಮಾತಿಗೆ ನಿಲುಕದ್ದನ್ನು ಕಂಡೆ ಎನ್ನುವ ಅನುಭಾವಿ ತನ್ನ ಮನಸ್ಸಿನ ಬಗ್ಗೆ ಹೇಳುತ್ತಿದ್ದಾನೆಯೇ ಹೊರತು ಲೋಕದ ಬಗ್ಗೆ ಅಲ್ಲ ಎಂಬುದು ಏಯರ್‌ನ ತೀರ್ಪು.

ಆದರೆ ಈ ವಾಕ್ಯವನ್ನು ಹಿಡಿದು ನಿಲ್ಲಿಸಲು ವಿಯೆನ್ನಾಕ್ಕೆ ಹೋಗಬೇಕಾಗಿಲ್ಲ. ಉಡುಪಿಯ ಹತ್ತಿರದ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು 13ನೆಯ ಶತಮಾನದಲ್ಲೇ ಇದನ್ನು ಹಿಡಿದರು. ಯಾವ ವಿಶೇಷವೂ ಇಲ್ಲದ ಬ್ರಹ್ಮಕ್ಕೂ ಶೂನ್ಯಕ್ಕೂ ಏನು ಭೇದ ಎಂಬುದು ಅದ್ವೈತಕ್ಕೆ ದ್ವೈತ ಹಾಕಿದ ಪ್ರಶ್ನೆ. ಫ್ಲ್ಯೂನ ಕಾಣದ ಮಾಲಿ ನೆನಪಾಗುತ್ತಾನೆ, ಅಲ್ಲವೇ? ಅದ್ವೈತಿಗಳ ಹತ್ತಿರ ಉತ್ತರ ಇಲ್ಲದೆ ಇಲ್ಲ: ಕೊಂಬೆಯ ತುದಿ ತೋರಿಸಿ ಚಂದ್ರನನ್ನು ತೋರಿಸುವಂತೆ ಮಾತು ನೇರವಾಗಿ ಹೇಳದೆಯೂ ತೋರಿಸಬಲ್ಲದು ಎನ್ನುತ್ತಾರೆ. ಮಧ್ವರ ನಿಲುವು ಇದಕ್ಕೆ ತೀರಾ ಎದುರು. ಎಲ್ಲ ಶಬ್ದಗಳೂ ಮುಖ್ಯವಾಗಿ ಹೇಳುವುದು ವಿಷ್ಣುವನ್ನೇ. ಏಯರ್‌ನ ಪ್ರಕಾರ ‘ದೇವರು’ ಎಂಬ ಒಂದು ಶಬ್ದಕ್ಕೆ ಅರ್ಥವಿಲ್ಲ, ಮಧ್ವರ ಪ್ರಕಾರ ಪ್ರತಿಯೊಂದು ಶಬ್ದದ ಪರಮ ಅರ್ಥವೂ ದೇವರೇ. ಇಬ್ಬರನ್ನೂ ಒಂದು ತಾಳಮದ್ದಳೆಯಲ್ಲಿ ಎದುರುಬದುರು ಕೂರಿಸಿದರೆ ಬೆಳಗಾದರೂ ಮಂಗಳ ಹಾಡಲಾಗದು.

ದ್ವೈತಕ್ಕೆ ಪ್ರಮಾಣ, ಅಂದರೆ ತಿಳಿವಿನ ದಾರಿ, ಮೂರು: ಪ್ರತ್ಯಕ್ಷ, ಅನುಮಾನ (ತರ್ಕದಿಂದ ಊಹಿಸುವುದು), ಆಗಮ (ವೇದಾದಿ ಶಾಸ್ತ್ರದ ಮಾತು). ಏಯರ್‌ಗೆ ಮೂರನೆಯದು ಇಲ್ಲ. ಜಗಳ ಇಲ್ಲಿಗೇ ನಿಂತಿತು ಎಂದು ಬಹಳ ಮಂದಿ ತಿಳಿಯುತ್ತಾರೆ; ನನಗೆ ಹಾಗೆ ಕಾಣುವುದಿಲ್ಲ. ಜ್ಞಾನ ತಾನಾಗಿಯೇ ಪ್ರಮಾಣ, ಅದನ್ನು ಅಲ್ಲಗಳೆಯುವ ಬಾಧಕ ಬಂದಾಗಷ್ಟೇ ಬಿಡಬೇಕು ಎನ್ನುತ್ತಾರೆ ದ್ವೈತಿಗಳು. ‘ಬಾಧಕ ಯಾವುದು?’ ಎಂದು ಕೇಳಿದರೆ ಅದು ಫ್ಲ್ಯೂನ ಪ್ರಶ್ನೆಯೇ. ಮತ್ತೆ, ಆಗಮ ನಿಲ್ಲುವುದೇ ಪ್ರತ್ಯಕ್ಷದ ಆಧಾರದ ಮೇಲೆ, ಅದನ್ನು ಉಪಜೀವ್ಯ ಎನ್ನುತ್ತಾರೆ; ಆಧಾರಕ್ಕೇ ವಿರುದ್ಧವಾಗಿ ಆಗಮಕ್ಕೆ ಅರ್ಥ ಹೇಳಬಾರದು. ಜೀವನೂ ಬ್ರಹ್ಮವೂ ಒಂದೇ ಎಂಬ ಅರ್ಥ ಅನುಭವಕ್ಕೆ ವಿರುದ್ಧವೆಂದು, ‘ತತ್ತ್ವಮಸಿ’ (ಅದು ನೀನೇ) ಎಂದು ಎಲ್ಲರೂ ಓದುವ ಉಪನಿಷತ್ತಿನ ಮಾತನ್ನು ‘ಅತತ್ ತ್ವಮಸಿ’ (ಅದು ನೀನಲ್ಲ) ಎಂದು ಒಡೆದು ಓದುವಷ್ಟು ದೂರ ಮಧ್ವರು ಹೋದರು. ಅನುಭವಕ್ಕೆ ಇಷ್ಟು ಮರ್ಯಾದೆ ಕೊಟ್ಟ ಪರಂಪರೆಯವರು ಹಂತ 5ರ ಪ್ರಶ್ನೆಗೆ ‘ಅದು ಪಶ್ಚಿಮದವರ ಪ್ರಶ್ನೆ’ ಎಂದು ಬೆನ್ನು ತಿರುಗಿಸಲು ಬರುವುದಿಲ್ಲ. ಅದು ಮನೆಯ ಪ್ರಶ್ನೆ. ಪ್ರತ್ಯಕ್ಷ ಮುಟ್ಟಲಾರದ ಕಡೆ, ಮೋಕ್ಷದ ಸ್ವರೂಪದಂಥ ವಿಷಯದಲ್ಲಿ, ಆಗಮಕ್ಕೆ ಬಾಧಕವೇ ಬರಲಾರದಲ್ಲ ಎಂಬ ತೊಡಕು ಮಾತ್ರ ಹಾಗೇ ಉಳಿಯುತ್ತದೆ. ಸತ್ತ ಮೇಲೆ ತಾಳೆ ನೋಡಬಹುದು ಎಂದು ತತ್ತ್ವಜ್ಞಾನಿ ಜಾನ್ ಹಿಕ್ 1960ರಲ್ಲಿ ಹೇಳಿದ. ಇದ್ದರೆ ತಿಳಿಯುತ್ತದೆ ಸರಿ, ಇಲ್ಲದಿದ್ದರೆ ‘ಇಲ್ಲ’ ಎಂದು ತಿಳಿಯಲು ಯಾರಿರುತ್ತಾರೆ?

ಉಪಕರಣವನ್ನು ಉಪಕರಣಕ್ಕೇ ಹಿಡಿಯಿರಿ

ಹಂತ ಎಂದು ಇದಕ್ಕೆ ಸಂಖ್ಯೆ ಕೊಟ್ಟಿಲ್ಲ, ಏಕೆಂದರೆ ಇದನ್ನು ಯಾವಾಗ ಬೇಕಾದರೂ ಮಾಡಬಹುದು. ‘ತಾಳೆ ನೋಡಲಾಗದ ಮಾತು ಅರ್ಥಹೀನ’ ಎಂಬ ಮಾತನ್ನು ಹೇಗೆ ತಾಳೆ ನೋಡುವುದು? ಶಬ್ದಾರ್ಥದಿಂದ ಸತ್ಯವೂ ಅಲ್ಲ, ಅನುಭವದಿಂದ ಸಿದ್ಧವೂ ಅಲ್ಲ. ಇದು ನಾವು ಮಾಡಿಕೊಂಡ ಕಟ್ಟಳೆ ಎಂದು ಏಯರ್ 1946ರ ಎರಡನೆಯ ಆವೃತ್ತಿಯಲ್ಲಿ ಸಮರ್ಥಿಸಿಕೊಂಡ. ಕಟ್ಟಳೆಯಾದರೆ ಒಪ್ಪದವನಿಗೆ ಅದು ಅನ್ವಯಿಸುವುದಿಲ್ಲ. ಅದೇ ಆವೃತ್ತಿಯಲ್ಲಿ ಸೂತ್ರವನ್ನೂ ರಿಪೇರಿ ಮಾಡಿದ್ದ. 1949ರಲ್ಲಿ ಅಲೊಂಜೊ ಚರ್ಚ್ ಎಂಬ ತರ್ಕಶಾಸ್ತ್ರಜ್ಞ, ಯಾವ ವಾಕ್ಯ ಕೊಟ್ಟರೂ ಅದೋ ಅದರ ನಿಷೇಧವೋ ಈ ಹೊಸ ಸೂತ್ರದೊಳಗೆ ನುಸುಳುತ್ತದೆ ಎಂದು ತೋರಿಸಿಕೊಟ್ಟ. ಬಲೆಯ ಕಣ್ಣು ಕಿರಿದಾದರೆ ವಿಜ್ಞಾನದ ನಿಯಮಗಳೇ ಹೊರಬೀಳುತ್ತವೆ, ಅಗಲವಾದರೆ ಎಲ್ಲ ಮೀನೂ ಒಳಗೆ. 1978ರಲ್ಲಿ ಬಿಬಿಸಿಯಲ್ಲಿ ಬ್ರಯಾನ್ ಮೆಗೀ ಕೇಳಿದಾಗ, ಆ ವಾದದ ಮುಖ್ಯ ದೋಷ ಅದರಲ್ಲಿ ಹೆಚ್ಚಿನದೆಲ್ಲ ಸುಳ್ಳಾಗಿದ್ದದ್ದೇ ಎಂದು ಏಯರ್ ತಾನೇ ಒಪ್ಪಿಕೊಂಡ. ಅರ್ಥಹೀನ ಎನ್ನಲಿಲ್ಲ, ಸುಳ್ಳು ಎಂದ.

ಇನ್ನೊಂದು ಮಾತು, ಅಳಿಯನ ಕಣ್ಣಿಗೆ ಬೀಳದೆ ಹೋದದ್ದು. ಏಯರ್‌ನ ಪುಸ್ತಕದಲ್ಲಿ ನಾಸ್ತಿಕನಿಗೂ ಜಾಗವಿಲ್ಲ. ‘ದೇವರಿದ್ದಾನೆ’ ಎಂಬುದು ಬರೀ ಸದ್ದಾದರೆ ‘ದೇವರಿಲ್ಲ’ ಎಂಬುದೂ ಸದ್ದೇ, ‘ಗೊತ್ತಿಲ್ಲ’ ಎನ್ನುವವನಿಗೂ ಗೊತ್ತಿಲ್ಲದಿರಲು ಏನೂ ಉಳಿದಿಲ್ಲ.

ನೋಟ್‌ಬುಕ್ ಅವನ ಕೈಗೆ ಕೊಟ್ಟೆ. ತಿರುವಿ ನೋಡಿ, ‘ಇದರಲ್ಲಿ ಎಲ್ಲ ಆಸ್ತಿಕರದ್ದೇ ಉಂಟಲ್ಲ ಮಾವ’ ಎಂದ.

‘ನಿನ್ನದೊಂದು ಕೊಡು ಮಾರಾಯ.’

ಸ್ವಲ್ಪ ಯೋಚಿಸಿ, ‘ಪ್ರಕೃತಿಯ ನಿಯಮಗಳು ಎಲ್ಲ ಕಡೆ, ಎಲ್ಲ ಕಾಲಕ್ಕೂ ಒಂದೇ’ ಎಂದ. 12 ಎಂದು ಸಂಖ್ಯೆ ಹಾಕಿ ಬರೆದುಕೊಂಡೆ. ಹಂತ 1, 2, 3 ಸರಾಗವಾಗಿ ದಾಟಿತು. ನಾಲ್ಕರಲ್ಲಿ, ಏನನ್ನು ನೋಡಿದರೆ ಹೌದು ಎನ್ನುತ್ತೀ ಎಂಬ ಕಾಲಂ ಎದುರು ಪೆನ್ನು ಹಿಡಿದು ಕೂತವನು ಇನ್ನೂ ಕೂತಿದ್ದಾನೆ; ಒಳಗಿನಿಂದ ಅಜ್ಜಿ ಕಾಫಿ ಆರುತ್ತಿದೆ ಎಂದು ಎರಡು ಸಲ ಕರೆದಾಯಿತು.